ಊರಿನ ಋಣ, ಕಂಪನಿಯ ಲೆಕ್ಕ: ಜಪಾನಿನ ಕೆಲವು ಕಥೆಗಳು

ಜಪಾನಿನ ಕಂಪನಿಗಳು ಊರಿಗೆ ಏನು ಕೊಡುತ್ತವೆ ಅಂತ ಕೇಳಿದರೆ, ಮೊದಲು ಒಂದು ಘೋಷಣೆ ಕಿವಿಗೆ ಬೀಳುತ್ತದೆ. ಮಾರುವವನಿಗೂ ಒಳ್ಳೆಯದು, ಕೊಳ್ಳುವವನಿಗೂ ಒಳ್ಳೆಯದು, ಸಮಾಜಕ್ಕೂ ಒಳ್ಳೆಯದು. ಇದು ಓಮಿ ವ್ಯಾಪಾರಿಗಳ ಮಂತ್ರ ಅಂತ ಹೇಳುತ್ತಾರೆ. ಘೋಷಣೆಯನ್ನು ಹೀಗೆ ಚೊಕ್ಕವಾಗಿ ಕಟ್ಟಿದವರು ಈಚಿನವರು. ಆದರೆ ವಿಷಯ ಹಳೆಯದೇ. 1754ರಲ್ಲಿ ನಾಕಾಮುರಾ ಜಿಹೇ ಎಂಬ ವ್ಯಾಪಾರಿ ತನ್ನ ವಾರಸುದಾರನಿಗೆ ಒಂದು ಪತ್ರ ಬರೆದಿಟ್ಟ. ಬೇರೆ ಸೀಮೆಗೆ ಸರಕು ಒಯ್ದಾಗ ನಿನ್ನ ಲಾಭವನ್ನೇ ನೋಡಬೇಡ, ಆ ಸೀಮೆಯ ಜನರಿಗೆ ಏನು ಬೇಕು ಅಂತ ಮೊದಲು ನೋಡು ಎಂಬುದು ಅದರ ಸಾರ.

ಇದನ್ನು ಬರೀ ಸದ್ಗುಣ ಅಂತ ತಿಳಿಯಬೇಡಿ. ಓಮಿ ಅಂದರೆ ಈಗಿನ ಶಿಗಾ ಪ್ರಾಂತ್ಯ, ಬಿವಾ ಸರೋವರದ ಸುತ್ತಲಿನ ನಾಡು. ಅಲ್ಲಿನವರು ಸೊಳ್ಳೆಪರದೆ, ನಾರಿನ ಬಟ್ಟೆ, ಔಷಧಿ ಇವನ್ನೆಲ್ಲ ಹೆಗಲ ಮೇಲಿನ ಅಡ್ಡೆಗೆ ಕಟ್ಟಿಕೊಂಡು ದೂರದೂರದ ಸೀಮೆಗಳಿಗೆ ನಡೆದು ಹೋಗುತ್ತಿದ್ದರು. ಹೋದಲ್ಲೆಲ್ಲ ಅವರು ಹೊರಗಿನವರು. ಊರವರು ಮುನಿಸಿಕೊಂಡರೆ ಮಾರನೇ ವರ್ಷ ಕಾಲಿಡಲು ಜಾಗವಿಲ್ಲ. ಊರಿಗೆ ಒಳ್ಳೆಯವರಾಗಿರುವುದು ಅವರಿಗೆ ಹೊಟ್ಟೆಪಾಡಿನ ಪ್ರಶ್ನೆಯೂ ಆಗಿತ್ತು.

ನಾನು ಹೇಳಬೇಕೆಂದಿರುವುದೂ ಇದರ ಸುತ್ತಲೇ. ಕಂಪನಿಯವರು ಎಷ್ಟು ಕೊಟ್ಟರು ಅನ್ನುವುದಕ್ಕಿಂತ, ಕೊಡುವವರನ್ನು ನಿಲ್ಲಿಸಿ ಕೇಳುವ ಶಕ್ತಿ ಊರಿಗೆ ಇತ್ತಾ ಅನ್ನುವುದನ್ನು ನೋಡೋಣ. ಜಪಾನಿನಲ್ಲಿ ಎರಡೂ ಬಗೆಯ ಕಥೆಗಳು ಸಿಗುತ್ತವೆ.

ಅದೇ ಓಮಿ ಸೀಮೆಯಲ್ಲಿ ಟೊಯೊಸಾಟೊ ಅಂತ ಒಂದು ಸಣ್ಣ ಪಟ್ಟಣ. ಇಟೊಚು ಮತ್ತು ಮಾರುಬೆನಿ ಎಂಬ ಎರಡು ದೈತ್ಯ ವ್ಯಾಪಾರ ಕಂಪನಿಗಳ ಹೆಸರು ನೀವು ಕೇಳಿರಬಹುದು. ಎರಡರ ಮೂಲಪುರುಷನೂ ಒಬ್ಬನೇ, ಟೊಯೊಸಾಟೊದ ಇಟೊ ಚುಬೇ. 1858ರಲ್ಲಿ ಬಟ್ಟೆ ಹೊತ್ತು ಮಾರುವುದರಿಂದ ಶುರು ಮಾಡಿದವನು. ಅದೇ ಊರಿನ ಇನ್ನೊಬ್ಬ ಹುಡುಗ ಫುರುಕಾವಾ ತೆತ್ಸುಜಿರೊ. ಚಿಕ್ಕ ವಯಸ್ಸಿನಲ್ಲೇ ಇಟೊ ಮನೆತನದ ಅಂಗಡಿಗೆ ಕೆಲಸಕ್ಕೆ ಸೇರಿ, ಮುಂದೆ ಮಾರುಬೆನಿಯ ಉನ್ನತ ಅಧಿಕಾರಿಯಾದ. ತಾನು ಓದಿದ ಊರಿನ ಶಾಲೆಗೆ ಹೊಸ ಕಟ್ಟಡ ಕಟ್ಟಿಸಿಕೊಡಬೇಕು ಅಂತ ಅವನಿಗೆ ಮನಸ್ಸಾಯಿತು. ತನ್ನ ಆಸ್ತಿಯ ಮೂರರಲ್ಲಿ ಎರಡು ಪಾಲನ್ನು ಅದಕ್ಕೆ ಸುರಿದ ಅಂತ ಹೇಳುತ್ತಾರೆ. 1937ರಲ್ಲಿ ಶಾಲೆ ಎದ್ದು ನಿಂತಿತು. ಸುತ್ತ ಗದ್ದೆ, ನಡುವೆ ಬಿಳಿ ಕಾಂಕ್ರೀಟಿನ ದೊಡ್ಡ ಕಟ್ಟಡ. ಹಳ್ಳಿ ಶಾಲೆಗಳೆಲ್ಲ ಮರದ ಕಟ್ಟಡಗಳಾಗಿದ್ದ ಕಾಲ ಅದು.

ನಕ್ಷೆ ಮಾಡಿದವರು ವಿಲಿಯಂ ಮೆರೆಲ್ ವೋರಿಸ್. ಈ ಮನುಷ್ಯನದೇ ಒಂದು ಕಥೆ. ಅಮೆರಿಕದಿಂದ 1905ರಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ಬಂದವರು ಜಪಾನಿನಲ್ಲೇ ನೆಲೆ ನಿಂತು, ಕಟ್ಟಡಗಳ ನಕ್ಷೆ ಬರೆದು, ಜೊತೆಗೆ ಮೆಂಥೋಲೇಟಂ ಮುಲಾಮನ್ನು ಆ ದೇಶಕ್ಕೆ ತಂದು ಮಾರಿದರು. ಇರಲಿ, ಶಾಲೆಗೆ ಬರೋಣ. ಅಲ್ಲಿನ ಮೆಟ್ಟಿಲ ಕಟಾಂಜನವನ್ನು ನೋಡಬೇಕು. ಅದರ ಮೇಲೆ ಹಿತ್ತಾಳೆಯ ಪುಟ್ಟ ಮೊಲ, ಪುಟ್ಟ ಆಮೆ ಕೂತಿವೆ. ಕೆಳಗಿನ ಮೆಟ್ಟಿಲಲ್ಲಿ ಎರಡೂ ಒಟ್ಟಿಗೆ ಹೊರಡುತ್ತವೆ. ಸ್ವಲ್ಪ ಮೇಲೆ ಮೊಲ ಮುಂದೆ ಹೋಗಿದೆ. ಇನ್ನೂ ಮೇಲೆ ಮಲಗಿಬಿಟ್ಟಿದೆ. ಕೊನೆಯ ಮೆಟ್ಟಿಲ ತುದಿಯಲ್ಲಿ ಆಮೆ ಮಾತ್ರ. ಮಕ್ಕಳು ಕೈಯಾಡಿಸಿಕೊಂಡು ಹತ್ತಿದರೆ ಕಥೆ ಬೆರಳಿಗೇ ಸಿಗುತ್ತದೆ. ದುಡ್ಡು ಕೊಟ್ಟು ಕೈ ತೊಳೆದುಕೊಳ್ಳುವವರು ಕಟಾಂಜನದ ತನಕ ಯೋಚನೆ ಮಾಡುವುದಿಲ್ಲ ಅಲ್ವಾ?

ಇದರ ಮುಂದಿನ ಅಧ್ಯಾಯ ನನಗೆ ಇನ್ನೂ ಇಷ್ಟ. ಅರವತ್ತು ವರ್ಷ ಕಳೆದ ಮೇಲೆ ಪಟ್ಟಣದ ಆಡಳಿತ ಈ ಕಟ್ಟಡ ಹಳೆಯದಾಯಿತು, ಕೆಡವಿ ಹೊಸದು ಕಟ್ಟೋಣ ಅಂದಿತು. ಊರಿನ ಕೆಲವರು ಬೇಡ ಎಂದು ಕೋರ್ಟಿಗೆ ಹೋದರು. 2002ರ ಕೊನೆಯಲ್ಲಿ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಅದರ ಮೇಲೂ ಕೆಡವುವ ಕೆಲಸ ಶುರುವಾಯಿತು. ಜನ ಶಾಲೆಗೆ ನುಗ್ಗಿ ತಡೆದರು. ಕಟ್ಟಡ ಉಳಿಯಿತು. ಹೊಸ ಶಾಲೆ ಪಕ್ಕದಲ್ಲಿ ಬಂತು, ಹಳೆಯದರಲ್ಲಿ ಈಗ ಊರಿನ ಗ್ರಂಥಾಲಯ ಇದೆ. ಕೊಟ್ಟವನು ತೀರಿಹೋಗಿ ಎಷ್ಟೋ ಕಾಲವಾಗಿತ್ತು, ಕಂಪನಿಗೂ ಇದಕ್ಕೂ ಸಂಬಂಧ ಇರಲಿಲ್ಲ. ಶಾಲೆ ನಮ್ಮದು ಅಂತ ಜಗಳಕ್ಕೆ ನಿಂತವರು ಊರಿನವರೇ.

ಇನ್ನು ಕುರಾಶಿಕಿ. ಓಕಾಯಾಮಾ ಪ್ರಾಂತ್ಯದ ಊರು. ಕಾಲುವೆ, ಅದರ ದಂಡೆಯಲ್ಲಿ ವಿಲೋ ಮರ, ಬಿಳಿ ಗೋಡೆಯ ಉಗ್ರಾಣಗಳು. ಪ್ರವಾಸಿಗಳು ಫೋಟೋ ತೆಗೆದುಕೊಂಡು ಬರುತ್ತಾರೆ. ಈ ಊರನ್ನು ಹೀಗೆ ಮಾಡಿದ್ದರಲ್ಲಿ ಒಂದು ನೂಲಿನ ಗಿರಣಿಯ ಪಾಲು ದೊಡ್ಡದು. 1888ರಲ್ಲಿ ಶುರುವಾದ ಕುರಾಬೊ. ದಾವಣಗೆರೆ, ಗೋಕಾಕದ ಕಡೆಯವರಿಗೆ ಗಿರಣಿ ಊರು ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ.

ಆ ಕಾಲದ ಜಪಾನಿನ ಗಿರಣಿಗಳಲ್ಲಿ ದುಡಿಯುತ್ತಿದ್ದವರು ಹೆಚ್ಚಾಗಿ ರೈತರ ಮನೆಯ ಹೆಣ್ಣುಮಕ್ಕಳು. ದೊಡ್ಡ ದೊಡ್ಡ ವಸತಿಗೃಹಗಳಲ್ಲಿ ಅವರನ್ನು ತುಂಬುತ್ತಿದ್ದರು. 1906ರಲ್ಲಿ ಕುರಾಬೊದ ವಸತಿಗೃಹದಲ್ಲಿ ಸಾಂಕ್ರಾಮಿಕ ರೋಗ ಹಬ್ಬಿ ಕೆಲಸಗಾರ್ತಿಯರು ಸತ್ತರು. ಗಿರಣಿಯ ಅಧ್ಯಕ್ಷ ಹೊಣೆ ಹೊತ್ತು ಕೆಳಗಿಳಿದ. ಅವನ ಜಾಗಕ್ಕೆ ಬಂದವನು ಮಗ, ಓಹಾರಾ ಮಾಗೊಸಾಬುರೊ. ವಯಸ್ಸು ಇಪ್ಪತ್ತಾರು. ಟೋಕಿಯೋಗೆ ಓದಲು ಹೋಗಿ, ಓದು ಬಿಟ್ಟು, ಮೈತುಂಬ ಸಾಲ ಮಾಡಿಕೊಂಡು, ಅಪ್ಪನಿಂದ ಊರಿಗೆ ವಾಪಸ್ ಕರೆಸಿಕೊಂಡಿದ್ದ ಹುಡುಗ. ಆಮೇಲೆ ಇಶಿಯಿ ಜೂಜಿ ಎಂಬ ಅನಾಥಾಶ್ರಮ ನಡೆಸುವವರ ಒಡನಾಟದಲ್ಲಿ ಬದಲಾದ.

ಅವನು ಅಧ್ಯಕ್ಷನಾಗಿ ಆ ದೊಡ್ಡ ವಸತಿಗೃಹಗಳ ಬದಲು ಸಣ್ಣ ಸಣ್ಣ ಮನೆಗಳಂಥ ವಸತಿ ಕಟ್ಟಿಸಿದ. ಮೊದಲ ಕೆಲಸ ಗಿರಣಿಯ ಒಳಗೆ, ಊರಿನ ಕೆಲಸ ಆಮೇಲೆ. ಈ ಅನುಕ್ರಮವನ್ನು ಗಮನದಲ್ಲಿಡಿ. 1914ರಲ್ಲಿ ಕೃಷಿ ಸಂಶೋಧನಾ ಸಂಸ್ಥೆ. 1919ರಲ್ಲಿ ಒಸಾಕಾದಲ್ಲಿ ಸಾಮಾಜಿಕ ಸಮಸ್ಯೆಗಳ ಸಂಶೋಧನಾ ಸಂಸ್ಥೆ. 1921ರಲ್ಲಿ ದುಡಿಮೆಯಿಂದ ಮೈಮನಸ್ಸಿಗೆ ಏನಾಗುತ್ತದೆ ಎಂದು ಅಧ್ಯಯನ ಮಾಡುವ ಇನ್ನೊಂದು ಸಂಸ್ಥೆ. ಒಸಾಕಾದ ಸಂಸ್ಥೆಯಲ್ಲಿ ಕಾರ್ಮಿಕರ ಪರ ವಾದಿಸುವ ವಿದ್ವಾಂಸರೇ ತುಂಬಿದ್ದರು, ಸರ್ಕಾರಕ್ಕೆ ಅವರ ಮೇಲೆ ಗುಮಾನಿ ಬೇರೆ. ಗಿರಣಿ ಮಾಲೀಕ ತನ್ನ ದುಡ್ಡಿನಲ್ಲೇ ಗಿರಣಿ ಮಾಲೀಕರನ್ನು ಪ್ರಶ್ನೆ ಮಾಡುವವರನ್ನು ಸಾಕಿದ. ಷೇರುದಾರರು ಎಷ್ಟು ಗೊಣಗಿರಬಹುದು ಅಂತ ನೀವೇ ಊಹಿಸಿ.

1923ರಲ್ಲಿ ಆಸ್ಪತ್ರೆ ಬಂತು. ಗಿರಣಿಯ ಆಸ್ಪತ್ರೆ, ಆದರೆ ಊರವರಿಗೂ ಬಾಗಿಲು ತೆರೆದಿತ್ತು. ಒಳಗೆ ಗಾಜಿನ ಹಸಿರುಮನೆ ಕಟ್ಟಿಸಿ ಉಷ್ಣವಲಯದ ಗಿಡ ಬೆಳೆಸಿದರು. ರೋಗಿಗಳು ಅಲ್ಲಿ ಕೂತು ಸ್ವಲ್ಪ ಹಗುರಾಗಲಿ ಅಂತ. ಇವತ್ತು ಅದು ಕುರಾಶಿಕಿ ಕೇಂದ್ರ ಆಸ್ಪತ್ರೆ, ಆ ಭಾಗದ ದೊಡ್ಡ ಆಸ್ಪತ್ರೆಗಳಲ್ಲಿ ಒಂದು. ಹಸಿರುಮನೆಯೂ ಇದೆ.

ಮ್ಯೂಸಿಯಂ ಬಂದದ್ದು 1930ರಲ್ಲಿ. ಕೊಜಿಮಾ ತೊರಾಜಿರೊ ಅಂತ ಒಬ್ಬ ಚಿತ್ರಕಾರ, ಓಹಾರಾನ ಗೆಳೆಯ. ಓಹಾರಾ ಅವನನ್ನು ಯೂರೋಪಿಗೆ ಕಳಿಸಿ ಚಿತ್ರಗಳನ್ನು ಕೊಂಡು ತರಿಸಿದ. ಮೋನೆಯ ತಾವರೆಗೊಳ ಬಂತು, ಎಲ್ ಗ್ರೆಕೊನ ಚಿತ್ರ ಬಂತು. ಗೆಳೆಯ 1929ರಲ್ಲಿ ತೀರಿಕೊಂಡ. ಅವನ ನೆನಪಿಗೆ ಮರುವರ್ಷವೇ ಪಾಶ್ಚಾತ್ಯ ಕಲೆಯ ಮ್ಯೂಸಿಯಂ ತೆರೆದ. ಜಪಾನಿನಲ್ಲಿ ಅಂಥದ್ದು ಅದೇ ಮೊದಲು. ಅದೂ ಟೋಕಿಯೋದಲ್ಲಲ್ಲ, ಒಂದು ಗಿರಣಿ ಊರಿನಲ್ಲಿ. ಪ್ರಪಂಚದಲ್ಲೆಲ್ಲ ಆರ್ಥಿಕ ಕುಸಿತ ಆಗಿದ್ದ ವರ್ಷ ಅದು.

ಇಷ್ಟು ಹೇಳಿದ ಮೇಲೆ ಓಹಾರಾನನ್ನು ದೇವರು ಮಾಡಿ ಕೂರಿಸಬೇಡಿ. ಹತ್ತಿಯ ನೂಲಿನ ಲಾಭ ಬಂದದ್ದು ಅದೇ ಹುಡುಗಿಯರ ಬೆವರಿನಿಂದ. ಆದರೆ ಅವನು ಆ ಊರಿನಲ್ಲೇ ಇದ್ದ, ಅದೇ ಕಾಲುವೆಯ ದಡದಲ್ಲಿ ಅವನ ಮನೆ. ಸತ್ತ ಹುಡುಗಿಯರ ಸುದ್ದಿ ವರದಿಯಾಗಿ ಬರಲಿಲ್ಲ, ನೆರೆಮನೆಯ ಸುದ್ದಿಯಾಗಿ ಬಂತು.

ಹತ್ತಿರದಲ್ಲಿದ್ದರೆ ಸಾಕಾ? ಸಾಲದು. ಅದಕ್ಕೆ ಎರಡು ಊರುಗಳನ್ನು ಪಕ್ಕಪಕ್ಕ ಇಡುತ್ತೇನೆ. ಹಿಟಾಚಿ ಮತ್ತು ಮಿನಮಾಟ.

ಹಿಟಾಚಿ ಅಂದ ತಕ್ಷಣ ನಿಮಗೆ ಎಸಿ, ಮೋಟಾರು ನೆನಪಾಗುತ್ತದೆ. ಆ ಕಂಪನಿ ಹುಟ್ಟಿದ್ದು ಒಂದು ತಾಮ್ರದ ಗಣಿಯ ರಿಪೇರಿ ಶೆಡ್ಡಿನಲ್ಲಿ, 1910ರಲ್ಲಿ. ಗಣಿ ಕುಹಾರಾ ಫುಸಾನೊಸುಕೆ ಎಂಬವನದು. ತಾಮ್ರ ಕರಗಿಸುವಾಗ ಬರುವ ಗಂಧಕದ ಹೊಗೆ ಸುತ್ತಲಿನ ಬೆಳೆಯನ್ನು, ಕಾಡನ್ನು ಸುಟ್ಟುಹಾಕಿತು. ರೈತರು ಗಣಿಯ ಬಾಗಿಲಿಗೆ ಬಂದು ಕೂತರು, ಪರಿಹಾರ ಕೇಳಿದರು, ಮತ್ತೆ ಮತ್ತೆ ಬಂದರು. ಸರ್ಕಾರದ ಆದೇಶದಂತೆ ಒಂದು ಮೋಟು, ದಪ್ಪ ಚಿಮಣಿ ಕಟ್ಟಿದರು. ಹೊಗೆ ಇನ್ನೂ ಜಾಸ್ತಿ ಕೆಳಗೇ ಕೂತಿತು. ಜನ ಅದನ್ನು ದಡ್ಡ ಚಿಮಣಿ ಅಂತ ಕರೆದರು. ಕೊನೆಗೆ ಕುಹಾರಾ ಬೆಟ್ಟದ ಮೇಲೆ 155.7 ಮೀಟರ್ ಎತ್ತರದ ಚಿಮಣಿ ಕಟ್ಟಿಸಿದ. 1914ರ ಕೊನೆಗೆ ಮುಗಿಯಿತು. ಆಗ ಜಗತ್ತಿನಲ್ಲೇ ಎತ್ತರದ್ದು. ಹೊಗೆ ಮೇಲಿನ ಗಾಳಿಗೆ ಸೇರಿ ಹಾನಿ ಬಹಳ ಮಟ್ಟಿಗೆ ಇಳಿಯಿತು.

ಅದರ ಜೊತೆಗೆ ಬೋಳಾದ ಬೆಟ್ಟಗಳಲ್ಲಿ ಗಿಡ ನೆಟ್ಟರು. ಹೊಗೆಗೆ ತಡೆಯುವ ಜಾತಿ ಯಾವುದು ಅಂತ ಪ್ರಯೋಗ ಮಾಡಿ ಓಶಿಮಾ ಚೆರ್ರಿಯನ್ನು ಆರಿಸಿಕೊಂಡರು. ಇವತ್ತು ಹಿಟಾಚಿ ನಗರ ಚೆರ್ರಿ ಹೂವಿಗೆ ಹೆಸರಾಗಿದೆ. ಹೂವಿನ ಹಬ್ಬಕ್ಕೆ ಜನ ಸೇರುತ್ತಾರೆ. ಆ ಹೂವಿನ ಬುಡದಲ್ಲಿರುವುದು ರೈತರ ಜಗಳ. ಇದನ್ನು ಕೊಡುಗೆ ಅಂತ ಕರೆಯಬೇಕಾ, ಸಾಲ ತೀರಿಸಿದ್ದು ಅಂತ ಕರೆಯಬೇಕಾ? ನನ್ನ ಲೆಕ್ಕದಲ್ಲಿ ಎರಡನೆಯದೇ, ಮತ್ತು ಅದೇ ಮೇಲು. ಆ ಚಿಮಣಿ 1993ರಲ್ಲಿ ಕುಸಿಯಿತು. ಬುಡದ ಮೂರನೇ ಒಂದು ಭಾಗ ಉಳಿದುಕೊಂಡಿದೆ.

ಮಿನಮಾಟ ಕ್ಯೂಶುವಿನ ಕಡಲತೀರದ ಊರು. 1908ರಲ್ಲಿ ಅಲ್ಲಿಗೆ ಕಾರ್ಖಾನೆ ಬಂತು, ಮುಂದೆ ಅದರ ಹೆಸರು ಚಿಸ್ಸೊ. ಊರಿಗೆ ಕೆಲಸ ಕೊಟ್ಟಿದ್ದು ಅದೇ, ಊರಿನಲ್ಲಿ ಆಸ್ಪತ್ರೆ ನಡೆಸಿದ್ದೂ ಅದೇ. 1960ರ ಹೊತ್ತಿಗೆ ನಗರಸಭೆಯ ತೆರಿಗೆಯಲ್ಲಿ ಸುಮಾರು ಅರ್ಧ ಬರುತ್ತಿದ್ದದ್ದು ಅದರಿಂದಲೇ. ಸಮಾಜಕ್ಕೆ ಕಂಪನಿ ಏನು ಕೊಟ್ಟಿತು ಅಂತ ಆಗ ಒಂದು ಪಟ್ಟಿ ಮಾಡಿದ್ದರೆ ಚಿಸ್ಸೊಗೆ ಬಹುಮಾನವೇ ಬರುತ್ತಿತ್ತೇನೋ.

ಅದೇ ಕಾರ್ಖಾನೆ ಪಾದರಸ ಸೇರಿದ ನೀರನ್ನು ಸಮುದ್ರಕ್ಕೆ ಬಿಡುತ್ತಿತ್ತು. ಮೀನು ತಿಂದವರ ಕೈಕಾಲು ಸೊಟ್ಟಗಾದವು, ಮಾತು ತೊದಲಿತು, ಸತ್ತರು. 1956ರ ಮೇ 1ರಂದು ಈ ವಿಚಿತ್ರ ಕಾಯಿಲೆಯನ್ನು ಆರೋಗ್ಯ ಇಲಾಖೆಯ ಗಮನಕ್ಕೆ ತಂದದ್ದು ಕಾರ್ಖಾನೆಯದೇ ಆಸ್ಪತ್ರೆ. ಅದರ ಮುಖ್ಯಸ್ಥ ಡಾಕ್ಟರ್ ಹೊಸೊಕಾವಾ ಹಾಜಿಮೆ 1959ರಲ್ಲಿ ಕಾರ್ಖಾನೆಯ ತ್ಯಾಜ್ಯ ನೀರನ್ನು ಬೆಕ್ಕಿನ ಆಹಾರಕ್ಕೆ ಬೆರೆಸಿ ನೋಡಿದರು. ಆ ಬೆಕ್ಕಿಗೆ 400ನೇ ಸಂಖ್ಯೆ. ಅದಕ್ಕೂ ಅದೇ ಕಾಯಿಲೆ ಬಂತು. ಕಂಪನಿ ಆ ಫಲಿತಾಂಶವನ್ನು ಹೊರಗೆ ಬಿಡಲಿಲ್ಲ.

ಅದೇ ವರ್ಷ ಡಿಸೆಂಬರ್ 30ಕ್ಕೆ ಕಂಪನಿ ರೋಗಿಗಳ ಜೊತೆ ಒಂದು ಒಪ್ಪಂದ ಮಾಡಿಕೊಂಡಿತು. ಕೊಟ್ಟ ದುಡ್ಡನ್ನು ಪರಿಹಾರ ಅನ್ನಲಿಲ್ಲ, ಸಹಾನುಭೂತಿಯ ಹಣ ಅಂದಿತು. ಸತ್ತವರಿಗೆ 3 ಲಕ್ಷ ಯೆನ್. ಬದುಕಿರುವ ದೊಡ್ಡವರಿಗೆ ವರ್ಷಕ್ಕೆ 1 ಲಕ್ಷ, ಮಕ್ಕಳಿಗೆ 30 ಸಾವಿರ. ಜೊತೆಗೆ ಒಂದು ಷರತ್ತು: ಮುಂದೆ ಈ ಕಾಯಿಲೆಗೆ ಕಾರ್ಖಾನೆಯೇ ಕಾರಣ ಅಂತ ಸಾಬೀತಾದರೂ ನೀವು ಇನ್ನೇನೂ ಕೇಳಬಾರದು. ಬಡ ಮೀನುಗಾರರು ಸಹಿ ಹಾಕಿದರು.

ಊರು ಏನು ಮಾಡಿತು? ತ್ಯಾಜ್ಯ ನೀರು ನಿಲ್ಲಿಸಬೇಕು ಎಂಬ ಕೂಗು ಎದ್ದಾಗ ಮೇಯರ್ ಮತ್ತು ಊರಿನ ಹಲವು ಸಂಘಗಳವರು ಪ್ರಾಂತ್ಯದ ಗವರ್ನರ್ ಹತ್ತಿರ ಹೋಗಿ, ನಿಲ್ಲಿಸಬೇಡಿ, ಕಾರ್ಖಾನೆ ನಿಂತರೆ ಊರು ಸಾಯುತ್ತದೆ ಎಂದು ಕೇಳಿಕೊಂಡರು. ಅಷ್ಟು ಕೊಟ್ಟಿದ್ದ ಕಂಪನಿಯನ್ನು ಕೇಳಲು ಊರಿಗೆ ಬಾಯಿ ಇರಲಿಲ್ಲ. ಸರ್ಕಾರ ಕಾರಣವನ್ನು ಒಪ್ಪಿಕೊಂಡದ್ದು 1968ರಲ್ಲಿ. ಆ ಷರತ್ತಿನ ಒಪ್ಪಂದ ಸಾರ್ವಜನಿಕ ನೀತಿಗೆ ವಿರುದ್ಧ, ಹಾಗಾಗಿ ಅಸಿಂಧು ಎಂದು ಕುಮಾಮೊಟೊ ಕೋರ್ಟ್ ಹೇಳಿದ್ದು 1973ರಲ್ಲಿ.

ಸಮಾಜ ಸೇವೆಯ ಫೋಟೋ ಆಲ್ಬಂ ನೋಡುವಾಗಲೆಲ್ಲ ನನಗೆ ಈ ಒಪ್ಪಂದ ನೆನಪಾಗುತ್ತದೆ.

ಸ್ವಲ್ಪ ಓಡಿಸುತ್ತೇನೆ. ಕಂಪನಿಗಳು ಬೆಳೆದ ಹಾಗೆ ಮುಖ್ಯ ಕಚೇರಿಗಳು ಟೋಕಿಯೋಗೆ ಹೋದವು. ಎಲ್ಲರೂ ಊರು ಮರೆತರು ಅಂತಲ್ಲ. ಬ್ರಿಜ್‌ಸ್ಟೋನ್ ಟೈರು ಕಂಪನಿ 1931ರಲ್ಲಿ ಹುಟ್ಟಿದ್ದು ಕುರುಮೆ ಎಂಬ ಊರಿನಲ್ಲಿ. 1937ರಲ್ಲಿ ಕಚೇರಿ ಟೋಕಿಯೋಗೆ ಹೋಯಿತು. ಆದರೂ ಸ್ಥಾಪಕ ಇಶಿಬಾಶಿ ಶೋಜಿರೊ 1956ರಲ್ಲಿ ಕುರುಮೆಗೆ ದೊಡ್ಡ ಸಾಂಸ್ಕೃತಿಕ ಕೇಂದ್ರ ಕಟ್ಟಿಸಿಕೊಟ್ಟರು. ಅದು ಆ ಊರಿನ ಮಗನ ಕೆಲಸ. ಮುಂದಿನ ತಲೆಮಾರಿನ ಅಧಿಕಾರಿಗಳಿಗೆ ಊರು ಅನ್ನುವುದು ಬಜೆಟ್ಟಿನ ಒಂದು ಸಾಲಾಯಿತು. 1980ರ ದಶಕದಲ್ಲಿ ಅಮೆರಿಕದಲ್ಲಿ ಕಾರ್ಖಾನೆ ಹಾಕಿದ ಜಪಾನಿಯರಿಗೆ ಅಲ್ಲಿನ ಊರವರು, ನಮಗೇನು ಮಾಡುತ್ತೀರಿ ಅಂತ ಮುಖಕ್ಕೇ ಕೇಳಿದರು. ಆ ಪಾಠ ಮನೆಗೂ ಬಂತು. 1990ರಲ್ಲಿ ಉದ್ಯಮಿಗಳ ಒಕ್ಕೂಟ ಕೈದಾನ್ರೆನ್ 'ಒಂದು ಪರ್ಸೆಂಟ್ ಕ್ಲಬ್' ಶುರು ಮಾಡಿತು. ಲಾಭದ ಶೇಕಡಾ 1ರಷ್ಟನ್ನಾದರೂ ಸಮಾಜಕ್ಕೆ ಕೊಡೋಣ ಎಂಬ ಸಂಕಲ್ಪ, ಕಡ್ಡಾಯ ಇಲ್ಲ.

ಹತ್ತಿರದಲ್ಲಿ ಇರುವವರು ಏನು ಮಾಡಬಲ್ಲರು ಅನ್ನುವುದು ಮತ್ತೆ ಕಂಡದ್ದು 2011ರ ಸುನಾಮಿಯಲ್ಲಿ. ಯಮಾಟೊ ಅಂತ ಒಂದು ಪಾರ್ಸೆಲ್ ಕಂಪನಿ, ಕಪ್ಪು ಬೆಕ್ಕು ಮರಿಯನ್ನು ಬಾಯಲ್ಲಿ ಹಿಡಿದ ಚಿಹ್ನೆ ಅದರದು. ಸುನಾಮಿ ಬಡಿದ ಊರುಗಳಲ್ಲಿ ಪರಿಹಾರದ ಸಾಮಾನು ಬಂದು ರಾಶಿ ಬಿದ್ದಿತ್ತು, ಶಿಬಿರಗಳಿಗೆ ತಲುಪುತ್ತಿರಲಿಲ್ಲ. ಆಗ ಅಲ್ಲಿನ ಯಮಾಟೊ ಡ್ರೈವರುಗಳು ಮೇಲಿನವರ ಅಪ್ಪಣೆಗೆ ಕಾಯದೆ ತಾವೇ ಹಂಚಲು ಹೊರಟರು. ಯಾವ ಗಲ್ಲಿಯಲ್ಲಿ ಯಾರ ಮನೆ, ಯಾರು ಯಾವ ಶಿಬಿರಕ್ಕೆ ಹೋಗಿರಬಹುದು ಎಂಬುದು ದಿನಾ ಪಾರ್ಸೆಲ್ ಕೊಡುವವರಿಗೆ ಗೊತ್ತಿರುತ್ತದೆ. ವಿಷಯ ತಿಳಿದ ಕಂಪನಿ ಬೈಯಲಿಲ್ಲ, ಅದನ್ನೇ ತನ್ನ ಕೆಲಸ ಮಾಡಿಕೊಂಡಿತು. ಆಮೇಲೆ ಒಂದು ವರ್ಷ ಪ್ರತಿ ಪಾರ್ಸೆಲ್ಲಿಗೆ 10 ಯೆನ್ ತೆಗೆದಿಟ್ಟಿತು. ಒಟ್ಟು ಸುಮಾರು 1,420 ಕೋಟಿ ಯೆನ್ ಆಯಿತು. ಆ ದುಡ್ಡು ಮೀನುಗಾರಿಕೆ, ಬೇಸಾಯ, ಆಸ್ಪತ್ರೆ, ಶಿಶುವಿಹಾರಗಳನ್ನು ಮತ್ತೆ ಎಬ್ಬಿಸಲು ಹೋಯಿತು. ದುಡ್ಡು ದೊಡ್ಡದೇ. ಆದರೆ ಮೊದಲು ಹೊರಟದ್ದು ಡ್ರೈವರುಗಳು.

ಟೋಕಿಯೋದಲ್ಲಿ ಸೇರಿಕೊಂಡ ದುಡ್ಡನ್ನು ಊರುಗಳಿಗೆ ಎಳೆಯಲು ಸರ್ಕಾರವೂ ಒಂದು ದಾರಿ ಹುಡುಕಿತು. 2016ರಿಂದ ಕಂಪನಿಗಳು ಬೇರೆ ಊರಿನ ಆಡಳಿತದ ಯೋಜನೆಗೆ ದೇಣಿಗೆ ಕೊಟ್ಟರೆ ತೆರಿಗೆಯಲ್ಲಿ ವಿನಾಯಿತಿ. 2020ರಿಂದ ಆ ವಿನಾಯಿತಿ ಕೊಟ್ಟ ದುಡ್ಡಿನ ಶೇಕಡಾ 90ರವರೆಗೂ ಹೋಗುತ್ತದೆ. ಕನಿಷ್ಠ 1 ಲಕ್ಷ ಯೆನ್ ಕೊಡಬೇಕು, ಮುಖ್ಯ ಕಚೇರಿ ಇರುವ ಊರಿಗೆ ಕೊಡುವ ಹಾಗಿಲ್ಲ, ಬದಲಿಗೆ ಲಾಭ ಪಡೆಯುವ ಹಾಗಿಲ್ಲ. ನಿಯಮ ಸರಿಯಾಗಿದೆ. ಆದರೆ 100 ಕೊಟ್ಟು 90 ವಾಪಸ್ ಬಂದರೆ ಕೊಟ್ಟವನು ಕಂಪನಿಯಾ, ತೆರಿಗೆ ಕಟ್ಟುವ ಜನರಾ? ಫುಕುಶಿಮಾದ ಒಂದು ಪಟ್ಟಣದಲ್ಲಿ, ದೇಣಿಗೆ ಕೊಟ್ಟ ಕಡೆಯವರಿಗೇ ಆ ದುಡ್ಡು ಗುತ್ತಿಗೆಯ ರೂಪದಲ್ಲಿ ತಿರುಗಿ ಹೋಯಿತು ಎಂದು ಗದ್ದಲವಾಗಿ, ಕೇಂದ್ರ ಸರ್ಕಾರ ಆ ಯೋಜನೆಯ ಮಾನ್ಯತೆಯನ್ನೇ 2024ರಲ್ಲಿ ರದ್ದು ಮಾಡಿತು.

ನಮ್ಮಲ್ಲಿ ಕಾನೂನೇ ಇದೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ, 2014ರ ಏಪ್ರಿಲ್‌ನಿಂದ ಜಾರಿ. ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಕಾರ್ಖಾನೆ ಇರುವ ಪ್ರದೇಶಕ್ಕೆ ಆದ್ಯತೆ ಕೊಡಿ ಅಂತಲೂ ಅದರಲ್ಲೇ ಬರೆದಿದೆ. ಜಪಾನಿನ ಕಂಪನಿಗಳೂ ಇಲ್ಲಿಗೆ ಬಂದರೆ ಇದೇ ಕಾನೂನು. ಆದರೆ ಬಿಡದಿಯಲ್ಲಿ ಟೊಯೋಟಾದವರು ಹಳ್ಳಿಯ ಬಡ ಮಕ್ಕಳಿಗೆ ವಸತಿ ಸಮೇತ ತಾಂತ್ರಿಕ ತರಬೇತಿ ಶಾಲೆ ತೆರೆದದ್ದು 2007ರಲ್ಲಿ, ಕಾನೂನು ಬರುವ ಮುಂಚೆ.

ಇಲ್ಲಿ ಕೂತಿರುವವರಲ್ಲಿ ಸಣ್ಣ ಕಾರ್ಖಾನೆ ನಡೆಸುವವರೇ ಜಾಸ್ತಿ. ನಿವ್ವಳ ಲಾಭ 5 ಕೋಟಿಯಾದರೂ ಮುಟ್ಟದಿದ್ದರೆ, ಆಸ್ತಿ, ವಹಿವಾಟು ನೂರಾರು ಕೋಟಿ ಇರದಿದ್ದರೆ 135ನೇ ಕಲಂ ನಿಮ್ಮನ್ನು ಮುಟ್ಟುವುದಿಲ್ಲ. ಅದಕ್ಕೇ ನಿಮಗೆ ಅಂತ ಒಂದು ಕಂಪನಿಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ನಾಗಾನೊ ಪ್ರಾಂತ್ಯದ ಇನಾ ಎಂಬ ಊರಿನ ಇನಾ ಫುಡ್ ಇಂಡಸ್ಟ್ರಿ. ಮಾಡುವುದು ಅಗರ್, ನಮ್ಮ ಮನೆಗಳಲ್ಲಿ ಚೈನಾ ಗ್ರಾಸ್ ಅಂತ ಪುಡ್ಡಿಂಗ್‌ಗೆ ಹಾಕುತ್ತೀವಲ್ಲ, ಅದು. 1958ರಲ್ಲಿ ಶುರುವಾದದ್ದು. ಮರಕ್ಕೆ ವರ್ಷಕ್ಕೊಂದು ಉಂಗುರ ಕೂಡಿಕೊಳ್ಳುವ ಹಾಗೆ ನಿಧಾನ ಬೆಳೆಯಬೇಕು ಅನ್ನುವುದು ಅದನ್ನು ಬೆಳೆಸಿದ ತ್ಸುಕಾಕೊಶಿ ಹಿರೋಶಿಯವರ ಹಟ. 48 ವರ್ಷ ಸತತವಾಗಿ ಮಾರಾಟ, ಲಾಭ ಎರಡೂ ಏರಿದವು.

ಕಾರ್ಖಾನೆಯ ಆವರಣವೇ ಒಂದು ತೋಟ. ಯಾರು ಬೇಕಾದರೂ ಬಂದು ಓಡಾಡಬಹುದು. ಬೆಳಗ್ಗೆ ಕೆಲಸ ಶುರುವಾಗುವ ಮುಂಚೆ ನೌಕರರೇ ಎಲೆ ಗುಡಿಸುತ್ತಾರೆ, ಗಿಡ ಕತ್ತರಿಸುತ್ತಾರೆ. ಸೂಪರ್ ಮಾರ್ಕೆಟ್‌ಗೆ ಹೋದರೆ ಬಾಗಿಲ ಹತ್ತಿರದ ಜಾಗ ಬೇರೆಯವರಿಗಿರಲಿ ಅಂತ ಕಾರನ್ನು ದೂರ ನಿಲ್ಲಿಸುತ್ತಾರೆ. ಇನ್ನೊಂದು ನಿಯಮ ಕೇಳಿ. ಜಪಾನಿನಲ್ಲೂ ನಮ್ಮ ಹಾಗೆ ರಸ್ತೆಯ ಎಡಗಡೆ ಓಡಾಟ. ಕೆಲಸಕ್ಕೆ ಬರುವಾಗ ಗೇಟಿನ ಎದುರು ನಿಂತು ಬಲಕ್ಕೆ ತಿರುಗಲು ಕಾದರೆ ಹಿಂದಿನವರೆಲ್ಲ ನಿಲ್ಲಬೇಕು. ಹಾಗಾಗಿ ಇನಾ ಫುಡ್ ನೌಕರರು ಬಲಕ್ಕೆ ತಿರುಗಿ ಒಳಗೆ ಬರುವುದಿಲ್ಲ. ಸ್ವಲ್ಪ ಸುತ್ತು ಹಾಕಿಕೊಂಡು ಎಡಗಡೆಯಿಂದಲೇ ಬರುತ್ತಾರೆ. ಇದಕ್ಕೆ ಬಜೆಟ್ ಬೇಡ, ಬೋರ್ಡ್ ಮೀಟಿಂಗ್ ಬೇಡ, ಉದ್ಘಾಟನೆಗೆ ಶಾಸಕರೂ ಬೇಡ. ನಿಮ್ಮ ಇಂಡಸ್ಟ್ರಿಯಲ್ ಏರಿಯಾದಲ್ಲಿ ಬೆಳಗ್ಗೆ ಒಂಬತ್ತಕ್ಕೆ ಗೇಟಿನ ಮುಂದೆ ಏನು ನಡೆಯುತ್ತದೆ ಅನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.